ಇದನ್ನ ಯಾರ್ರೀ ಹಾಕ್ಕೋತಾರೆ?

ಟಿ.ವಿ.ಯಲ್ಲಿ ಪ್ಯಾರಿಸ್ ಫ್ಯಾಷನ್ ಶೋ ಬಂದ ಕೂಡಲೇ ನೀವೇನು ಮಾಡ್ತೀರಿ? 'ಅಯ್ಯೋ, ಇದನ್ನ ಹಾಕ್ಕೊಂಡು ತರಕಾರಿ ತರೋಕೆ ಹೋಗೋಕಾಗುತ್ತಾ?' ಅಂತ ನಕ್ಕು ಚಾನೆಲ್ ಬದಲಿಸ್ತೀರಿ, ಅಲ್ವಾ? ಮುಂದಿನ ಸಲ ಐದು ನಿಮಿಷ ಕೂತು ನೋಡಿ. ನಮಗೂ ಅದಕ್ಕೂ ನಂಟಿದೆ.

'ಓತ್ ಕೂಟೂರ್' ಅಂದರೆ ಒಬ್ಬೊಬ್ಬರ ಅಳತೆಗೆ, ಬಹುಪಾಲು ಕೈಯಿಂದಲೇ ತಯಾರಾಗುವ ಉಡುಪು. ಫ್ರಾನ್ಸ್‌ನಲ್ಲಿ 1945ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಕೊಳ್ಳುವವರು ಜಗತ್ತಿನಲ್ಲೇ ತೀರಾ ಕಡಿಮೆ. ಹಾಗಾಗಿ ಅದನ್ನು ಅಂಗಡಿಯ ಸೀರೆ ನೋಡಿದ ಹಾಗೆ ನೋಡಬೇಡಿ, ಗೋಡೆಯ ಮೇಲಿನ ಚಿತ್ರ ನೋಡಿದ ಹಾಗೆ ನೋಡಿ.

2022ರ ಜನವರಿಯಲ್ಲಿ ಪ್ಯಾರಿಸ್ಸಿನ ರೊಡಾನ್ ಮ್ಯೂಸಿಯಂನಲ್ಲಿ ನಡೆದ ಡಿಯೋರ್ ಪ್ರದರ್ಶನವನ್ನೇ ತೆಗೆದುಕೊಳ್ಳಿ. ಉಡುಪುಗಳಲ್ಲಿ ಬಿಳಿ, ಕಪ್ಪು, ಬೂದು ಬಣ್ಣಗಳದ್ದೇ ಮೇಲುಗೈ. ಕಾಲುಚೀಲದ ಮೇಲೂ ಕಸೂತಿ! ಬಣ್ಣದ ಅಬ್ಬರ ಇಲ್ಲದಿದ್ದರೆ ಕಣ್ಣು ಸೀದಾ ಹೊಲಿಗೆಯ ಮೇಲೆ ಹೋಗುತ್ತೆ ನೋಡಿ. ಸುತ್ತಲ ಗೋಡೆಗಳ ತುಂಬ ನಮ್ಮ ದೇಶದ ಮಾಧ್ವಿ ಪಾರೇಖ್, ಮನು ಪಾರೇಖ್ ದಂಪತಿಯ ಚಿತ್ರಗಳು. ಅವನ್ನು ದಾರದಲ್ಲಿ ಮೂಡಿಸಿದ್ದು ಮುಂಬೈನ ಚಾಣಕ್ಯ ಕಸೂತಿ ಕೇಂದ್ರ ಮತ್ತು ಅದರ ಶಾಲೆ. ಕಸೂತಿ ಬಟ್ಟೆಗೆ ಹಚ್ಚುವ ಒಗ್ಗರಣೆಯಲ್ಲ, ಅದೇ ಅಡುಗೆ ಅನ್ನೋದು ಆ ಸಂಗ್ರಹದ ಅರ್ಥ ಅಂತ ನನಗನಿಸುತ್ತೆ.

ಮಾಧ್ವಿ ಅವರ ಕಥೆ ಕೇಳಿ. ಗುಜರಾತಿನ ಹಳ್ಳಿಯವರು. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1964ರಲ್ಲಿ, ಮೊದಲ ಮಗುವಿನ ಬಸುರಿಯಾಗಿದ್ದಾಗ ಚಿತ್ರ ಬರೆಯಲು ಶುರು ಮಾಡಿದರು. ಊರಿನ ರಂಗೋಲಿ, ಕಸೂತಿಗಳೇ ಅವರ ಚಿತ್ರಗಳಲ್ಲಿ ಇಳಿದುಬಂದವು. 'ಹೊತ್ತು ಹೋಗದ ಹೆಂಗಸರ ಕೆಲಸ' ಅನ್ನಿಸಿಕೊಂಡದ್ದು ಕೊನೆಗೆ ಪ್ಯಾರಿಸ್ಸಿನ ಗೋಡೆ ಏರಿತು!

ಇನ್ನೊಂದು ಸೋಜಿಗ. ಮನೆಯಲ್ಲಿ ಸೂಜಿ ಹಿಡಿಯೋದು ನಾವು. ಆದರೆ ಮುಂಬೈನ ಕಸೂತಿ ಕಾರ್ಖಾನೆಗಳಲ್ಲಿ ಕೂಲಿಗೆ ಸೂಜಿ ಹಿಡಿಯುವವರು ಹೆಚ್ಚಾಗಿ ಗಂಡಸರು. ಪುಕ್ಕಟೆ ಆದರೆ ನಮ್ಮದು, ಕಾಸು ಬಂದರೆ ಅವರದು! 2016ರಲ್ಲಿ ಶುರುವಾದ ಚಾಣಕ್ಯ ಶಾಲೆ ಹೆಣ್ಣುಮಕ್ಕಳಿಗೇ ಈ ವಿದ್ಯೆ ಕಲಿಸುತ್ತಿದೆ. ಅಂದಿನ ಸಂಗ್ರಹ ರೂಪಿಸಿದ ಮರಿಯಾ ಗ್ರಾಜಿಯಾ ಕ್ಯೂರಿ ಕೂಡ ಡಿಯೋರ್‌ನಲ್ಲಿ ಆ ಸ್ಥಾನಕ್ಕೇರಿದ ಮೊದಲ ಹೆಣ್ಣು. 2016ರಿಂದ 2025ರವರೆಗೆ ಅಲ್ಲಿದ್ದರು.

ಆದರೂ ಉಡುಪಿನ ಲೇಬಲ್ ಮೇಲೆ ಇರೋದು ಕಂಪನಿಯ ಹೆಸರು ಮಾತ್ರ. ಒಂದೊಂದು ಹೊಲಿಗೆ ಹಾಕಿದ ಕೈಗಳ ಹೆಸರಲ್ಲ. ಇದು ಸರಿಯಲ್ಲ ಅಂತ ಪ್ಯಾರಿಸ್ಸಿಗೆ ಹೇಳೋ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ರವಿಕೆಗೆ ಆರಿ ವರ್ಕ್ ಮಾಡಿಕೊಡುವ ಪಕ್ಕದ ಬೀದಿಯ ಹೆಣ್ಣುಮಗಳ ಹತ್ತಿರ 'ಇಷ್ಟಕ್ಕೆ ಇಷ್ಟೊಂದಾ?' ಅಂತ ಚೌಕಾಸಿ ಮಾಡೋರು ನಾವೇ ತಾನೆ? ಮುಂದಿನ ಸಲ 'ಎಷ್ಟು ದಿನ ಹಿಡೀತಮ್ಮಾ?' ಅಂತ ಮೊದಲು ಕೇಳಿ, ಆಮೇಲೆ ದುಡ್ಡಿನ ಮಾತಾಡಿ.

ಹಾಗೇ ಟ್ರಂಕಿನ ತಳದಲ್ಲಿ ಅಮ್ಮ ಹಾಕಿದ ಕಸೂತಿಯ ದಿಂಬಿನ ಕವರ್ ಇದ್ದರೆ ಹೊರಗೆ ತೆಗೀರಿ. ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿ. ಕೆಳಗೆ ಅಮ್ಮನ ಹೆಸರು ಬರೆಯೋದನ್ನ ಮಾತ್ರ ಮರೀಬೇಡಿ.