ಸ್ಮೂದಿಗೆ ಸಕ್ಕರೆ ಬದಲು ಜೇನುತುಪ್ಪ ಹಾಕಿದರೆ ಮಧುಮೇಹಿಗಳು ಧೈರ್ಯವಾಗಿ ಕುಡಿಯಬಹುದೇ?

‘ಸ್ಮೂದಿಗೆ ಸಕ್ಕರೆ ಬೇಡ, ಜೇನುತುಪ್ಪವನ್ನೋ ಬೆಲ್ಲವನ್ನೋ ಹಾಕಿ, ಶುಗರ್ ಇರುವವರೂ ಕುಡಿಯಬಹುದು’ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಮನೆಯಲ್ಲಿರುವ ಅಪ್ಪ, ಅಮ್ಮ, ಅಜ್ಜಿಗೆ ಒಳ್ಳೆಯದಾಗಲಿ ಎಂದೇ ಅನೇಕರು ಇದನ್ನು ಫಾರ್ವರ್ಡ್ ಮಾಡುತ್ತಾರೆ. ಇದರಲ್ಲಿ ಎಷ್ಟು ನಿಜವಿದೆ ಎಂದು ನಾವು ಲೆಕ್ಕ ಹಾಕಿ ನೋಡೋಣ.

ಜೇನುತುಪ್ಪದಲ್ಲಿ ಸಕ್ಕರೆ ಇಲ್ಲವೇ?

ಇದೆ. ಜೇನುತುಪ್ಪದ ತೂಕದಲ್ಲಿ ಸುಮಾರು 80% ಸಕ್ಕರೆಯೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ಜೇನು ಮಂದವಾಗಿರುವುದರಿಂದ ಚಮಚದಲ್ಲಿ ಹೆಚ್ಚು ತೂಗುತ್ತದೆ. ಒಂದು ಟೇಬಲ್ ಸ್ಪೂನ್ ಸಕ್ಕರೆ ಸುಮಾರು 12 ಗ್ರಾಂ. ಅದೇ ಚಮಚದ ಜೇನು ಸುಮಾರು 21 ಗ್ರಾಂ, ಅದರಲ್ಲಿ ಸಕ್ಕರೆಯ ಅಂಶ ಸುಮಾರು 17 ಗ್ರಾಂ. ಅಂದರೆ ಚಮಚಕ್ಕೆ ಚಮಚ ಬದಲಿಸಿದರೆ ಸಕ್ಕರೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ!

ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಖರ್ಜೂರದಲ್ಲಿ ನಾರಿನಂಶವಿದೆ, ಆದರೂ ಅದರ ತೂಕದ ಸುಮಾರು ಮೂರನೇ ಎರಡು ಭಾಗ ಸಕ್ಕರೆ.

ಎಷ್ಟು ಸಕ್ಕರೆ ಹೆಚ್ಚಾಯಿತು?

ಹೊರಗಿನಿಂದ ಸೇರಿಸುವ ಸಕ್ಕರೆ ಮತ್ತು ಜೇನು, ಸಿರಪ್, ಹಣ್ಣಿನ ರಸದಲ್ಲಿರುವ ಸಕ್ಕರೆ ದಿನದ ಒಟ್ಟು ಶಕ್ತಿಯ 10%ಗಿಂತ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದೆ. 5%ಗಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ 5% ಎಂದರೆ ದಿನಕ್ಕೆ ಸುಮಾರು 25 ಗ್ರಾಂ. ಎರಡು ಟೇಬಲ್ ಸ್ಪೂನ್ ಜೇನು ಹಾಕಿದ ಒಂದೇ ಲೋಟ ಸ್ಮೂದಿ ಈ ಮಿತಿಯನ್ನು ದಾಟುತ್ತದೆ. ಹಣ್ಣಿನ ಸಕ್ಕರೆಯನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಮೂರು ಬಾಳೆಹಣ್ಣನ್ನು ಒಂದೇ ಸಲಕ್ಕೆ ತಿನ್ನುವವರು ಕಡಿಮೆ. ಆದರೆ ಮಿಕ್ಸಿಗೆ ಹಾಕಿದರೆ ಎರಡೇ ನಿಮಿಷದಲ್ಲಿ ಕುಡಿದು ಮುಗಿಸುತ್ತೇವೆ. ಹಣ್ಣಿನ ರಸ ಮತ್ತು ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿಲಿ ಮೀರದಿರಲಿ ಎಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಸಲಹೆ ನೀಡುತ್ತದೆ.

ಸಿಹಿ ಸಾಲದು ಅನಿಸುವುದೇಕೆ?

ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ವಿಪರೀತ ಸಿಹಿ ಅನಿಸುವುದು ಇದಕ್ಕೇ. ಐಸ್ ಹಾಕಿದ ಸ್ಮೂದಿಯ ರುಚಿ ನೋಡಿ ‘ಸಪ್ಪೆ’ ಎಂದು ಮತ್ತೊಂದು ಚಮಚ ಜೇನು ಸುರಿಯುವ ಮುನ್ನ ಐದು ನಿಮಿಷ ಹೊರಗಿಟ್ಟು ಮತ್ತೆ ರುಚಿ ನೋಡಿ.

ಸಿಹಿಯನ್ನು ಹದ ಮಾಡುವುದು ಹೇಗೆ?

• ಚೆನ್ನಾಗಿ ಕಳಿತ ಬಾಳೆಹಣ್ಣು ಬಳಸಿ. ಕಾಯಿಯಲ್ಲಿನ ಪಿಷ್ಟ ಹಣ್ಣಾಗುವಾಗ ಸಕ್ಕರೆಯಾಗುತ್ತದೆ, ಬೇರೆ ಸಿಹಿ ಬೇಕಾಗುವುದಿಲ್ಲ. ಮಧುಮೇಹ ಇರುವವರು ಅರ್ಧ ಹಣ್ಣಿಗೇ ನಿಲ್ಲಿಸಿ.
• ಏಲಕ್ಕಿ ಅಥವಾ ಚಕ್ಕೆ ಪುಡಿ ಸೇರಿಸಿ. ಪರಿಮಳದಿಂದಲೇ ಸಿಹಿ ಹೆಚ್ಚಿದಂತೆ ಅನಿಸುತ್ತದೆ.
• ಹುಳಿ ಮೊಸರಿನ ಬದಲು ಸಿಹಿ ಮೊಸರು ಬಳಸಿ. ಹುಳಿ ಹೆಚ್ಚಿದಷ್ಟೂ ಸಕ್ಕರೆ ಬೇಕೆನಿಸುತ್ತದೆ.
• ಸಿಹಿ ಹೆಚ್ಚಾಗಿದ್ದರೆ ಮೊಸರು, ಸೌತೆಕಾಯಿ ಅಥವಾ ನಿಂಬೆರಸ ಸೇರಿಸಿ. ಆದರೆ ನೆನಪಿಡಿ, ಇದರಿಂದ ರುಚಿ ಹದವಾಗುತ್ತದೆಯೇ ಹೊರತು ಆಗಲೇ ಹಾಕಿದ ಸಕ್ಕರೆ ಮಾಯವಾಗುವುದಿಲ್ಲ.

ಹಾಗಾದರೆ ಸತ್ಯವೇನು?

ಜೇನು, ಬೆಲ್ಲ ಹಾಕಿದ ಸ್ಮೂದಿ ‘ಶುಗರ್ ಫ್ರೀ’ ಅಲ್ಲ. ರಕ್ತದ ಸಕ್ಕರೆ ಏರುವುದಕ್ಕೆ ಸಕ್ಕರೆ ಡಬ್ಬಿಯಿಂದ ಬಂತೋ ಜೇನಿನ ಬಾಟಲಿಯಿಂದ ಬಂತೋ ಎಂಬುದು ಮುಖ್ಯವಲ್ಲ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಪ್ರತಿದಿನ ಸ್ಮೂದಿ ಕುಡಿಯುವ ಮುನ್ನ ತಮ್ಮ ವೈದ್ಯರನ್ನೋ ಆಹಾರ ತಜ್ಞರನ್ನೋ ಕೇಳುವುದು ಒಳ್ಳೆಯದು. ಅಂಥ ಸಂದೇಶ ನಿಮಗೂ ಬಂದರೆ, ಮುಂದೆ ಕಳಿಸುವ ಮೊದಲು ಅದರಲ್ಲಿ ಎಷ್ಟು ಚಮಚ ಎಂದು ಬರೆದಿದೆ ನೋಡಿ.