ಕಾರಿನ ಮೇಲ್ಕಟ್ಟು

ಮೇಲ್ಕಟ್ಟು ಎಂಬುದು ನಮ್ಮ ಭಾಷೆಯ ಹಳೆಯ ಮಾತು. ಸಿಂಹಾಸನದ ಮೇಲೆ, ದೇವರ ಮಂಟಪದಲ್ಲಿ, ಮದುವೆಯ ಹಸೆಯ ಮೇಲೆ ಎಳೆದು ಕಟ್ಟಿದ ಬಟ್ಟೆಗೆ ಆ ಹೆಸರು. ಸಂಸ್ಕೃತದವರು ಅದನ್ನೇ ವಿತಾನವೆಂದರು. ಕೆಳಗೆ ಕುಳಿತವರಿಗೆ ಅದು ನೆರಳನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕೊಡುತ್ತದೆ. ಇಂದಿನ ಗೃಹಸ್ಥನಿಗೆ ಸಿಂಹಾಸನವೆಲ್ಲಿಂದ ಬರಬೇಕು? ಆದರೆ ಕಂತು ಕಟ್ಟಿ ಕೊಂಡ ಕಾರೊಂದು ಮನೆಯ ಮುಂದಿದ್ದರೆ, ಅದರೊಳಗೆ ಅವನ ತಲೆಯ ಮೇಲೂ ಒಂದು ಮೇಲ್ಕಟ್ಟು ಇದ್ದೇ ಇರುತ್ತದೆ. ಅಂಗಡಿಯವರು ಅದನ್ನು ರೂಫ್ ಲೈನಿಂಗ್ ಎನ್ನುತ್ತಾರೆ. ಅದು ನೆಟ್ಟಗಿರುವ ತನಕ ಯಾರೂ ಅದರತ್ತ ಕಣ್ಣೆತ್ತುವುದಿಲ್ಲ. ಜೋಲಲು ಆರಂಭಿಸಿದ ದಿನದಿಂದ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ.

ಜೋಲುವುದರಲ್ಲಿಯೂ ಒಂದು ಕ್ರಮವುಂಟು. ಮೊದಲು ಹಿಂದಿನ ಗಾಜಿನ ಹತ್ತಿರ, ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಬಟ್ಟೆ ಒಂದೆಡೆ ಉಬ್ಬುತ್ತದೆ. ಮಕ್ಕಳಿಗೆ ಅದನ್ನು ಬೆರಳಿನಿಂದ ಒತ್ತುವ ಆಟ ದೊರೆಯುತ್ತದೆ. ಬಳಿಕ ಉಬ್ಬು ಬೆಳೆದು, ಎತ್ತರದ ನೆಂಟರ ತಲೆಗೂದಲಿಗೆ ಸೋಕುತ್ತದೆ. ಬಿಳಿಯ ಅಂಗಿಯ ಕೊರಳಪಟ್ಟಿಯ ಮೇಲೆ ಅರಿಸಿನ ಬಣ್ಣದ ಪುಡಿ ಉದುರುತ್ತದೆ. ಕೊನೆಗೊಂದು ದಿನ, ಕಿಟಕಿಯ ಗಾಜು ಇಳಿಸಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿರುವಾಗ, ಬಟ್ಟೆ ಹಾಯಿಯಂತೆ ಗಾಳಿ ತುಂಬಿಕೊಂಡು ಚಾಲಕನ ಮುಂದಿನ ಕನ್ನಡಿಯನ್ನು ಮುಚ್ಚಿಬಿಡುತ್ತದೆ. ಹಿಂದೆ ಲಾರಿ ಬರುತ್ತಿದೆಯೋ, ಬಸ್ಸು ಬರುತ್ತಿದೆಯೋ ತಿಳಿಯದು. ಅಲ್ಲಿಯವರೆಗೆ ಅಂದಗೆಡಿಸಿದ್ದ ಬಟ್ಟೆ ಅಲ್ಲಿಂದಾಚೆಗೆ ಪ್ರಾಣಕ್ಕೇ ಎರವಾಗಬಹುದಾದ ವಸ್ತು.

ನಮ್ಮ ಮನೆಯ ಕಾರು ಈ ಮೂರು ಅವಸ್ಥೆಗಳನ್ನೂ ದಾಟಿತು. ಅದು ನಮ್ಮ ತಂದೆಯವರು ನಿವೃತ್ತರಾದಾಗ ಬಂದ ಹಣದಲ್ಲಿ ಕೊಂಡ ಸಣ್ಣ ಕಾರು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಪರೀಕ್ಷೆಯಲ್ಲಿ ಅದು ಒಮ್ಮೆ ತೇರ್ಗಡೆಯಾಗಿತ್ತು. ಎಂಜಿನ್ನಿಗೆ ಕೊರತೆಯಿರಲಿಲ್ಲ, ಬ್ರೇಕು ಚೆನ್ನಾಗಿತ್ತು. ಆದರೂ ಹಳೆಯ ಕಾರುಗಳ ವ್ಯಾಪಾರಿಯೊಬ್ಬರು ಬಂದು, ಬಾಗಿಲು ತೆರೆದು, ಮೇಲಕ್ಕೆ ನೋಡಿ, ಎಂಜಿನ್ನಿನ ಮುಚ್ಚಳವನ್ನು ಎತ್ತುವ ಗೋಜಿಗೂ ಹೋಗದೆ ಗುಜರಿಯ ಬೆಲೆ ಹೇಳಿದರು.

“ಕೊಟ್ಟುಬಿಡೋಣ. ಅತ್ತೆಯವರು ಆಸ್ಪತ್ರೆಗೆ ಹೋಗುವಾಗಲೆಲ್ಲ ಆ ಬಟ್ಟೆಯನ್ನು ಕೈಯಿಂದ ಎತ್ತಿ ಹಿಡಿದುಕೊಂಡೇ ಕೂತಿರುತ್ತಾರೆ. ನೋಡಲಾಗುವುದಿಲ್ಲ ಅಂದ್ರೆ” ಎಂದಳು ನನ್ನಾಕೆ. ಆಕೆಯ ಮಾತಿನಲ್ಲಿ ತಪ್ಪೇನಿರಲಿಲ್ಲ.

ತಂದೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಅಂಗಿಯ ಅಸ್ತರಿ ಹರಿದರೆ ಅಂಗಿಯನ್ನೇ ಎಸೆಯುತ್ತಾರೇನಯ್ಯ?” ಎಂದಷ್ಟೇ ಕೇಳಿದರು.

ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಕಾರು ಓಡಿಸಿದವರಲ್ಲ. ಆದರೆ ಭಾನುವಾರ ಬೆಳಿಗ್ಗೆ ಅದನ್ನು ಒರೆಸುವ ಹಕ್ಕನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅಸ್ತರಿಯ ಸ್ವಭಾವವನ್ನು ಮೊದಲು ತಿಳಿಯಬೇಕಾಯಿತು.

ನೋಡಿದವರೆಲ್ಲ “ಗೋಂದು ಬಿಟ್ಟಿದೆ, ಸ್ವಲ್ಪ ಹಚ್ಚಿದರೆ ಸರಿಹೋಗುತ್ತದೆ” ಎನ್ನುತ್ತಾರೆ. ನಿಜವಾದ ಕಾಯಿಲೆ ಗೋಂದಿನಲ್ಲಿರುವುದು ಅಪರೂಪ. ಹಿಂದಿನ ಕಾಲದ ಕಾರುಗಳಲ್ಲಿ ಬಟ್ಟೆಯನ್ನೋ ರೆಕ್ಸಿನ್ನನ್ನೋ ಕಮಾನಿನಂತಹ ಕಬ್ಬಿಣದ ಸಣ್ಣ ಸರಳುಗಳಿಗೆ ಪೋಣಿಸಿ, ಅಂಚುಗಳನ್ನು ಬಿಗಿಯಾಗಿ ಎಳೆದು ಅಂಟಿಸುತ್ತಿದ್ದರು. ನಿಜವಾಗಿಯೂ ಅದು ಮೇಲ್ಕಟ್ಟೇ. ಈಗಿನ ಕಾರುಗಳ ರಚನೆ ಬೇರೆ. ಮೇಲೆ ಚಾವಣಿಯ ಆಕಾರಕ್ಕೆ ಅಚ್ಚೊತ್ತಿದ ಹಗುರವಾದ ಹಲಗೆ; ಅದಕ್ಕೆ ಅಂಟಿದ, ಕೆಲವೇ ಮಿಲಿಮೀಟರ್ ದಪ್ಪದ ಫೋಮ್; ಫೋಮಿಗೆ ಅಂಟಿದ ತೆಳುವಾದ ಬಟ್ಟೆ. ಒಬ್ಬಟ್ಟಿನಲ್ಲಿ ಹೂರಣವಿರುವಂತೆ ನಡುವೆ ಫೋಮ್ ಇರುತ್ತದೆ. ಹೂರಣ ಕೆಟ್ಟರೆ ಕಣಕ ಏನು ತಾನೆ ಮಾಡೀತು?

ಈ ಫೋಮು ಪಾಲಿಯುರೆಥೇನ್ ಎಂಬ ವಸ್ತುವಿನದು. 1937ರಲ್ಲಿ ಜರ್ಮನಿಯ ಆಟೋ ಬೇಯರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಂಡುಹಿಡಿದ ರಸಾಯನ ಇದರ ಮೂಲ. ನಮ್ಮ ಹಾಸಿಗೆ, ಸೋಫಾ, ಪಾತ್ರೆ ತಿಕ್ಕುವ ಸ್ಪಂಜು ಎಲ್ಲದರಲ್ಲಿಯೂ ಅದೇ ಕುಲದ ಸರಕು. ಉದ್ದುದ್ದ ಸರಪಳಿಯಂತಹ ಅಣುಗಳಿಂದ ಅದಕ್ಕೆ ಬಲ. ಗಾಳಿಯ ತೇವ ಆ ಸರಪಳಿಯ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. ಪ್ರಾಣವಾಯುವೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಬಿಸಿಲಿನ ಶಾಖ ಎರಡನ್ನೂ ಚುರುಕುಗೊಳಿಸುತ್ತದೆ. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಗಾಳಿ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ತಗಡಿನ ಬುಡದಲ್ಲೇ ಇರುವ ಫೋಮಿನ ಪಾಡನ್ನು ಊಹಿಸಿಕೊಳ್ಳಿರಿ. ಮಂಗಳೂರಿನ ತೇವವಾಗಲಿ ಕಲಬುರಗಿಯ ಉರಿಬಿಸಿಲಾಗಲಿ ಅದಕ್ಕೆ ಹಿತವಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಅದು ಕಡಲೆಹಿಟ್ಟಿನಂತೆ ಪುಡಿಯಾಗುತ್ತದೆ. ಬಟ್ಟೆಗೆ ಅಂಟಿದ ಗೋಂದು ಗಟ್ಟಿಯಾಗಿಯೇ ಇದ್ದರೂ, ಹಿಡಿದುಕೊಳ್ಳಲು ಅದಕ್ಕೆ ಆಸರೆಯೇ ಇರುವುದಿಲ್ಲ.

ಇಷ್ಟು ತಿಳಿದರೆ, ಬೀದಿಯ ಉಪಾಯಗಳ ಯೋಗ್ಯತೆ ತಾನೇ ಗೊತ್ತಾಗುತ್ತದೆ. ಬಟ್ಟೆಗೆ ತೂತು ಮಾಡಿ ಸೂಜಿಯಿಂದ ಗೋಂದು ಹಾಯಿಸಿದರೆ ಆ ಗೋಂದು ಅಂಟುವುದು ಪುಡಿಗೆ; ಪುಡಿಯೊಡನೆ ಅದೂ ಉದುರುತ್ತದೆ, ಬಟ್ಟೆಯ ಮೇಲೆ ಕಲೆಯೊಂದು ಉಳಿಯುತ್ತದೆ. ಗುಂಡುಸೂಜಿ ಚುಚ್ಚುವವರುಂಟು. ನಾಲ್ಕು ದಿನದ ಮಟ್ಟಿಗೆ ಕನ್ನಡಿಗೆ ಬಟ್ಟೆ ಅಡ್ಡ ಬಾರದಂತೆ ತಡೆಯಲು ಅದು ಸಾಕು. ಆದರೆ ಗುಳಿಬಿದ್ದ ರಸ್ತೆಯಲ್ಲಿ ಕಾರು ಕುಲುಕಿದಾಗ ಸೂಜಿ ಸಡಿಲವಾಗಿ ಮಗುವಿನ ಮಡಿಲಿಗೆ ಬೀಳಬಹುದೆಂಬುದನ್ನು ಮರೆಯಬಾರದು. ಬಾಳುವ ಚಿಕಿತ್ಸೆ ಒಂದೇ: ಹಲಗೆಯನ್ನು ಕೆಳಗಿಳಿಸಿ, ಹಳೆಯದನ್ನೆಲ್ಲ ತೆಗೆದು, ಹೊಸ ಬಟ್ಟೆ ಹೊದಿಸುವುದು.

ಕೆಲಸಕ್ಕೆ ಕೈ ಹಾಕುವ ಮೊದಲು ಎರಡು ಪರೀಕ್ಷೆಗಳು ಅಗತ್ಯ. ಮೊದಲನೆಯದು, ಚಾವಣಿಯ ಅಂಚಿನಲ್ಲಿ ಗಾಳಿಚೀಲವಿದೆಯೇ ಎಂಬುದು. ಈಚಿನ ಎಷ್ಟೋ ಕಾರುಗಳಲ್ಲಿ ಕಿಟಕಿಗಳ ಮೇಲ್ಭಾಗದುದ್ದಕ್ಕೂ ಏರ್‌ಬ್ಯಾಗನ್ನು ಮಡಿಸಿಟ್ಟಿರುತ್ತಾರೆ. ಬಾಗಿಲ ಪಕ್ಕದ ಕಂಬಗಳ ಮೇಲೆ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಎಂಬ ಅಕ್ಷರಗಳು ಕಂಡರೆ, ಆ ಕಾರು ನಮ್ಮ ನಿಮ್ಮ ಕೈಗೆ ತಕ್ಕುದಲ್ಲ. ತರಬೇತಾದ ಮೆಕ್ಯಾನಿಕ್ಕಿಗೇ ಒಪ್ಪಿಸತಕ್ಕದ್ದು. ಅಪಘಾತದಲ್ಲಿ ತಲೆ ಕಾಯಬೇಕಾದ ಸಾಧನವನ್ನು ಬಟ್ಟೆಯ ಚೆಂದಕ್ಕಾಗಿ ಕೆಡಿಸಬಾರದು. ಎರಡನೆಯದು, ಬಟ್ಟೆಯ ಮೇಲೆ ನೀರಿನ ಕಲೆಯಿದೆಯೇ ಎಂಬುದು. ಇದ್ದರೆ ಗಾಜಿನ ಸುತ್ತಲಿನ ರಬ್ಬರಿನಿಂದಲೋ ಚಾವಣಿಯ ಮೇಲೆ ಸಾಮಾನು ಕಟ್ಟಲು ಕೊರೆದ ತೂತಿನಿಂದಲೋ ಮಳೆ ಒಳಗೆ ಬರುತ್ತಿದೆಯೆಂದು ಅರ್ಥ. ಸೋರುವುದನ್ನು ನಿಲ್ಲಿಸದೆ ಹೊಸ ಬಟ್ಟೆ ಹಾಕಿದರೆ ಅದರ ಆಯುಸ್ಸು ಮುಂದಿನ ಮಳೆಗಾಲದವರೆಗೆ.

ಇನ್ನು ಕೆಲಸ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿರಿ. ಬಿಸಿಲು ತಡೆಯುವ ಮುಂದಿನ ರೆಕ್ಕೆಗಳು, ಕೈಹಿಡಿಗಳು, ಒಳದೀಪ, ಕಂಬಗಳ ಪ್ಲಾಸ್ಟಿಕ್ ಹೊದಿಕೆ, ಬಾಗಿಲ ಮೇಲಂಚಿನ ರಬ್ಬರ್ ಬೀಡಿಂಗ್—ಇವುಗಳನ್ನು ಕ್ರಮವಾಗಿ ಕಳಚಬೇಕು. ಹಳೆಯ ಪ್ಲಾಸ್ಟಿಕ್ ಗುಂಡಿಗಳು ಹಪ್ಪಳದಂತೆ ಮುರಿಯುತ್ತವೆ; ಸ್ಕ್ರೂಡ್ರೈವರಿನಿಂದ ಮೀಟುವುದಕ್ಕಿಂತ ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟುಗೋಲು ಮೇಲು. ಒಂದೊಂದು ಭಾಗದ ತಿರುಪುಗಳನ್ನು ಒಂದೊಂದು ಕಾಗದದ ಪೊಟ್ಟಣದಲ್ಲಿ ಹಾಕಿ ಹೆಸರು ಬರೆಯಿರಿ. ಕಳಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ವಾದವಿವಾದ ಹುಟ್ಟುವುದಿಲ್ಲ. ಹಲಗೆಯನ್ನು ಇಳಿಸಲು ಇಬ್ಬರು ಬೇಕು. ಮುಂದಿನ ಆಸನಗಳನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಹಿಂಬಾಗಿಲಿರುವ ಕಾರಾದರೆ ಅದರ ಮೂಲಕ, ಇಲ್ಲವಾದರೆ ಮುಂಬಾಗಿಲಿನಿಂದ ಓರೆಯಾಗಿ ಹೊರತೆಗೆಯಬೇಕು. ಹಲಗೆಯನ್ನು ಬಗ್ಗಿಸಿದರೆ ಮುರಿಯುತ್ತದೆ. ಆ ಗೆರೆ ಹೊಸ ಬಟ್ಟೆಯ ಹಿಂದಿನಿಂದಲೂ ಇಣುಕುತ್ತದೆ.

ಬಟ್ಟೆ ಸುಲಭವಾಗಿ ಸುಲಿದು ಬರುತ್ತದೆ. ಹಲಗೆಯ ಮೇಲೆ ಉಳಿದ ಫೋಮಿನ ಪುಡಿಯನ್ನು ತೆಗೆಯುವುದೇ ಇಡೀ ಕೆಲಸದ ಪ್ರಾಣ. ಅಂಗಳದಲ್ಲಿಟ್ಟು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೃದುವಾದ ನೈಲಾನ್ ಬ್ರಷ್ಷಿನಿಂದ ತಾಳ್ಮೆಯಿಂದ ಉಜ್ಜಬೇಕು. ತಂತಿಯ ಬ್ರಷ್ಷು ಹಲಗೆಯನ್ನೇ ಕಿತ್ತುಬಿಡುತ್ತದೆ. ಬರಿಗೈ ಸವರಿದರೆ ಪುಡಿ ಹತ್ತಬಾರದು, ಅಲ್ಲಿಯವರೆಗೆ ಬಿಡಬಾರದು. ಸುಣ್ಣ ಉದುರುವ ಗೋಡೆಯ ಮೇಲೆ ಬಣ್ಣ ನಿಲ್ಲುವುದುಂಟೆ? ಇದೂ ಹಾಗೆಯೇ.

ಹೊಸ ಬಟ್ಟೆ ಹಿಂದೆ ಫೋಮ್ ಅಂಟಿಸಿಯೇ ಮಾರಾಟಕ್ಕೆ ಬರುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಬೇರೆ ಊರುಗಳಲ್ಲಿ ಸೀಟ್ ಕವರ್ ಹೊಲಿಯುವ ಅಂಗಡಿಗಳಲ್ಲಿ ಕೇಳಿರಿ. ಅಳತೆಯನ್ನು ಹಲಗೆಯ ಏರು ತಗ್ಗುಗಳನ್ನು ಅನುಸರಿಸಿ ತೆಗೆದು, ಸುತ್ತಲೂ ಒಂದು ಗೇಣಿನಷ್ಟಾದರೂ ಹೆಚ್ಚು ಕೊಳ್ಳಬೇಕು. ಗೋಂದಿನ ವಿಷಯದಲ್ಲಿ ಜಿಪುಣತನ ಸಲ್ಲದು. ಬಡಗಿಗಳ ಬಿಳಿಯ ಗೋಂದು ಬಿಸಿಲಿಗೆ ಮೆತ್ತಗಾಗುತ್ತದೆ. ಶಾಖ ತಡೆಯುವ ಕಾಂಟ್ಯಾಕ್ಟ್ ಅಡ್ಹೆಸಿವ್ ಬೇಕು. ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಆದ್ದರಿಂದ ಬಯಲಿನಲ್ಲಿಯೇ ಕೆಲಸ, ಹತ್ತಿರದಲ್ಲಿ ಒಲೆ, ಊದುಬತ್ತಿ, ಸಿಗರೇಟು ಯಾವುದೂ ಕೂಡದು.

ಬಟ್ಟೆಯನ್ನು ಹಲಗೆಯ ಮೇಲೆ ಸರಿಯಾಗಿ ಹಾಸಿ, ಅರ್ಧವನ್ನು ಮಡಿಸಿ. ಬಯಲಾದ ಹಲಗೆಗೂ ಫೋಮಿನ ಬೆನ್ನಿಗೂ ತೆಳುವಾಗಿ ಗೋಂದು ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಬೆರಳಿಟ್ಟರೆ ಜಿಗುಟೆನ್ನಿಸಬೇಕು, ಬೆರಳಿಗೆ ಮೆತ್ತಬಾರದು, ಅದೇ ಹದ. ಹಸಿಯಾಗಿದ್ದಾಗಲೇ ಒತ್ತಿದರೆ ಗೋಂದು ಫೋಮಿನೊಳಗೆ ಇಂಗಿ ಬಟ್ಟೆಯ ಮುಖದಲ್ಲಿ ಕಲೆಯಾಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಕೂರಿಸಬೇಕು. ತಗ್ಗಿರುವಲ್ಲಿ ಬಟ್ಟೆಯನ್ನು ಮೊದಲು ತಗ್ಗಿನೊಳಕ್ಕೆ ಒತ್ತಿ ಆಮೇಲೆ ಮುಂದುವರಿಯಬೇಕು. ಮೇಲಿನಿಂದ ಸೇತುವೆಯಂತೆ ಎಳೆದು ದಾಟಿಸಿದರೆ ಅಲ್ಲಿಂದಲೇ ನಾಳೆ ಬಿಡಲು ಆರಂಭ. ಉಳಿದರ್ಧಕ್ಕೂ ಇದೇ ವಿಧಿ. ಅಂಚನ್ನು ಹಿಂದಕ್ಕೆ ಮಡಿಸಿ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ದೀಪದ ತೂತು, ತಿರುಪಿನ ತೂತುಗಳನ್ನು ಅಗತ್ಯಕ್ಕಿಂತ ಚಿಕ್ಕದಾಗಿಯೇ ಕೊಯ್ಯಿರಿ. ಚಿಕ್ಕದನ್ನು ದೊಡ್ಡದು ಮಾಡಬಹುದು.

ಎರಡು ಭಾನುವಾರಗಳು ಹಿಡಿದವು. ಹಲಗೆಯ ಒಂದು ತುದಿಯನ್ನು ನಾನು, ಇನ್ನೊಂದನ್ನು ನನ್ನಾಕೆ ಹಿಡಿದೆವು. ಪುಡಿಯ ಉಸ್ತುವಾರಿ ತಂದೆಯವರದು. ಖರ್ಚಾದ ಹಣ ಅಂಗಡಿಯವರು ಕೇಳಿದ್ದರ ಮೂರನೆಯ ಒಂದು ಪಾಲೂ ಆಗಲಿಲ್ಲ. ಆ ವಾರ ಆಸ್ಪತ್ರೆಗೆ ಹೋಗುವಾಗ ನಮ್ಮ ತಾಯಿಯವರು ಅಭ್ಯಾಸಬಲದಿಂದ ಕೈಯೆತ್ತಿದರು. ಹಿಡಿಯಲು ಏನೂ ಸಿಗಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರು.

ಎಲ್ಲರೂ ಇದನ್ನು ತಾವೇ ಮಾಡಬೇಕೆಂದು ನಾನು ಹೇಳಲಾರೆ. ಬೆನ್ನುನೋವಿನವರು, ಅಂಗಳವಿಲ್ಲದ ಮನೆಯವರು, ಬಿಡುವಿಲ್ಲದವರು ಕುಶನ್ ಕೆಲಸದವರಲ್ಲಿಗೇ ಹೋಗುವುದು ಲೇಸು. ಆದರೆ ಕೆಲಸದ ಮರ್ಮ ತಿಳಿದು ಹೋದ ಗಿರಾಕಿಗೆ ಅಲ್ಲಿ ಬೇರೆಯೇ ಬೆಲೆಯುಂಟು. “ಹಲಗೆ ಇಳಿಸುವಿರೋ, ಹಾಗೆಯೇ ಮೇಲೆ ಅಂಟಿಸುವಿರೋ? ಹಳೆಯ ಫೋಮನ್ನು ಪೂರ್ತಿ ಉಜ್ಜುವಿರೋ? ಯಾವ ಗೋಂದು?” ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಒಳ್ಳೆಯ ಕೆಲಸಗಾರನಿಗೆ ಇದರಿಂದ ಕೋಪ ಬರುವುದಿಲ್ಲ; ಕೆಲಸ ಬಲ್ಲವನೊಡನೆ ಮಾತಾಡುವ ಸಂತೋಷವೇ ಆಗುತ್ತದೆ. ನಾಲ್ಕಕ್ಷರ ಕಲಿತ ನಾವು ಕೈಗೆಲಸವನ್ನು ದುಡ್ಡು ಕೊಟ್ಟು ಮಾಡಿಸುವ ಸೇವೆಯೆಂದಷ್ಟೇ ತಿಳಿದಿದ್ದೇವೆ. ಒಮ್ಮೆ ಆ ಪುಡಿಯನ್ನು ಉಜ್ಜಿ ನೋಡಿದವರು ಕೂಲಿಯ ವಿಷಯದಲ್ಲಿ ಚೌಕಾಶಿ ಮಾಡುವುದು ಕಷ್ಟ.

ಹೊಸ ಮೇಲ್ಕಟ್ಟು ಬಾಳಬೇಕಾದರೆ ಕಾರನ್ನು ಸಾಧ್ಯವಾದಷ್ಟೂ ನೆರಳಿನಲ್ಲಿ ನಿಲ್ಲಿಸಿ. ಮಳೆಗಾಲ ಮುಗಿದ ಮೇಲೆ ಒಂದು ಒಣದಿನ ಬಾಗಿಲುಗಳನ್ನು ತೆರೆದಿಟ್ಟು ಗಾಳಿಯಾಡಿಸಿ. ಬಟ್ಟೆ ಕೊಳೆಯಾದರೆ ನೀರು ಸುರಿಯದೆ ಒದ್ದೆ ಅರಿವೆಯಿಂದ ಮೆಲ್ಲಗೆ ಒತ್ತಿ ಒರೆಸಿ. ವಾಚಕರಲ್ಲಿ ಹಳೆಯ ಕಾರು ಉಳ್ಳವರು ಈ ಭಾನುವಾರ ಹಿಂದಿನ ಆಸನದಲ್ಲಿ ಒಮ್ಮೆ ತಾವೇ ಕುಳಿತು ತಲೆಯೆತ್ತಿ ನೋಡುವುದೊಳ್ಳೆಯದು. ಪೂರಿ ಉಬ್ಬಲು ಆರಂಭವಾಗಿದ್ದರೆ, ಅದು ಹಾಯಿಯಾಗುವವರೆಗೆ ಕಾಯಬೇಡಿರಿ.