ಸಂಬಳ, ಗಿಂಬಳ ಮತ್ತು ನಾವು



ಈಚೆಗೆ ಕುರುಗೋಡಿನಲ್ಲಿ ಮದುವೆಯ ಮಾತುಕತೆಯೊಂದಕ್ಕೆ ಹೋಗಿದ್ದೆ. ವರನ ಸಂಬಳ ಕೇಳಿದ ಬಳಿಕ ಹಿರಿಯರೊಬ್ಬರು ಸಂಕೋಚವಿಲ್ಲದೆ, "ಗಿಂಬಳ ಎಷ್ಟು?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗೆ ಇನ್ನೂ ನನ್ನನ್ನು ಚುಚ್ಚುತ್ತಿದೆ.

"ಲಂಚ ನಮ್ಮ ರಕ್ತದಲ್ಲೇ ಇದೆ" ಎಂಬ ಮಾತನ್ನು ನಾನು ಒಪ್ಪಲಾರೆ. ಹಾಂಗ್‌ಕಾಂಗಿನಲ್ಲಿ ಒಂದು ಕಾಲಕ್ಕೆ ಪೊಲೀಸರೇ ಮಾಮೂಲು ವಸೂಲು ಮಾಡುತ್ತಿದ್ದರು. 1974ರಲ್ಲಿ ಪೊಲೀಸರ ಹಿಡಿತಕ್ಕೆ ಸಿಗದ ಸ್ವತಂತ್ರ ಆಯೋಗ ಬಂದಿತು. ಅದು ತಪ್ಪಿತಸ್ಥರನ್ನು ಹಿಡಿಯಿತು, ಜನರಿಗೆ ತಿಳಿವಳಿಕೆಯನ್ನೂ ನೀಡಿತು. ಜನ ಅವರೇ, ರಕ್ತವೂ ಅದೇ, ನಡತೆ ಬದಲಾಯಿತು.

ನಮ್ಮಲ್ಲಿ ಆದದ್ದೇನು? ಬಳ್ಳಾರಿಯ ಅದಿರಿನ ಲೂಟಿಯನ್ನು ಬಯಲಿಗೆಳೆದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದಿತು. ಅಂಥ ಸಂಸ್ಥೆಯ ಹಲ್ಲನ್ನೇ 2016ರಲ್ಲಿ ಕಿತ್ತು, ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ಸರ್ಕಾರದ ಅಧೀನದಲ್ಲಿ ಕಟ್ಟಲಾಯಿತು. 2022ರಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿ, ಲೋಕಾಯುಕ್ತಕ್ಕೆ ಅಧಿಕಾರವನ್ನು ಮರಳಿಸಬೇಕಾಯಿತು.

ಆ ಆರು ವರ್ಷ ನಾನು ತುಟಿ ಬಿಚ್ಚಲಿಲ್ಲ. ಸಿರುಗುಪ್ಪದ ತರಗತಿಯಲ್ಲಿ ಕಾಯಕದ ಮಹತ್ವ ಬೋಧಿಸಿದ ನಾನೇ, ಪಿಂಚಣಿಯ ಕಡತ ಸರಿಯಲೆಂದು ಕಚೇರಿಯೊಂದರಲ್ಲಿ ಲಕೋಟೆ ಕೊಟ್ಟವನು. ಗಿಂಬಳಕ್ಕೆ ನಗುವ ಸಮಾಜ, ಕಾವಲುಗಾರನ ಕೈ ಕಟ್ಟಿದಾಗ ಕೂಗುವುದಿಲ್ಲ. ಸಂಸ್ಥೆ ಬೇಲಿಯಾದರೆ ನಾಚಿಕೆ ಅದರ ಗೂಟ.

ಮುಂದಿನ ಬಾರಿ ಆ ಪ್ರಶ್ನೆ ಬಂದರೆ ನಾನು ಎದ್ದು ಹೊರಡುತ್ತೇನೆ. ನೀವೂ ಏಳಿರಿ.